ಕೊಟ್ಟಿಗೆಯ ಬಲ್ಬಿಗೆ ಎರಡು ಬಟನ್

ಹಳೆ ಬಟನ್ ಬಿಚ್ಚಿ ಹೊಸ ಬಟನ್ ಕೂರಿಸುವುದನ್ನು ಈಗಿನ ವೈರಮನ್‌ಗಳು ಕೆಲಸವೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೇನ್ ಬಂದ್ ಮಾಡು, ಸ್ಕ್ರೂ ಸಡಿಲಿಸು, ವೈರ್ ತೆಗೆ, ಹೊಸದಕ್ಕೆ ಸಿಗಿಸು, ಮುಗಿಯಿತು. ಮನೆಯವರು ಕೊಟ್ಟ ಚಹಾ ಆರುವುದರೊಳಗೆ ಆಗಿಹೋಗುವ ಕೆಲಸ. ನಾನೂ ಒಪ್ಪುತ್ತೇನೆ. ನಿಪ್ಪಾಣಿಯಿಂದ ಅಥಣಿಯವರೆಗೆ ನಾನು ಬಿಚ್ಚಿ ಬಿಸಾಕಿದ ಬಟನ್‌ಗಳನ್ನು ರಾಶಿ ಹಾಕಿದ್ದರೆ ಒಂದು ಚಕ್ಕಡಿ ತುಂಬುತ್ತಿತ್ತು. ಅವುಗಳಲ್ಲಿ ಹೆಚ್ಚಿನವು ನೆನಪಿನಲ್ಲಿ ಉಳಿಯುವಂಥವೇ ಅಲ್ಲ. ಒಂದು ಮಾತ್ರ ಉಳಿದಿದೆ. ಅದು ಸದಲಗಾದ ಒಂದು ಮನೆಯದು. ಆ ಬಟನ್ ಕೆಟ್ಟದ್ದಕ್ಕೆ ಅಲ್ಲೊಂದು ಕೊಟ್ಟಿಗೆಯ ನಡುವೆ ಗೋಡೆ ಏಳುವುದರಲ್ಲಿತ್ತು.

ಈಗ ನನ್ನ ಮೊಣಕಾಲುಗಳು ಏಣಿ ಕಂಡರೆ ಮುಷ್ಕರ ಹೂಡುತ್ತವೆ. ಟೆಸ್ಟರ್ ಅಂಗಿಯ ಜೇಬಿನಿಂದ ಕಪಾಟಿಗೆ ಹೋಗಿದೆ. ಸುಮ್ಮನೆ ಕೂತರೆ ಬಾಯಿ ತುರಿಸುತ್ತದೆ, ಆದ್ದರಿಂದ ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆಂದು ಬರೆಯಲು ಕೂತಿದ್ದೇನೆ. ಸದಲಗಾದ ಸಂಗತಿ ಹೇಳುವ ಮೊದಲು ನನ್ನ ಉಸ್ತಾದರ ವಿಷಯ ಹೇಳಬೇಕು. ಅವರಿಲ್ಲದಿದ್ದರೆ ಆ ದಿನ ನಾನು ಬಟನ್ ಹಾಕಿ, ಚಹಾ ಕುಡಿದು, ಬಸ್ಸು ಹತ್ತಿ ಬಂದುಬಿಡುತ್ತಿದ್ದೆ.

ನಿಪ್ಪಾಣಿಯ ಇಮಾಮ್ ಉಸ್ತಾದರ ಕೈಕೆಳಗೆ ನಾನು ಕೆಲಸ ಕಲಿತೆ. ಸಣ್ಣ ಆಳು, ದೊಡ್ಡ ಬಾಯಿ. ವೈರ್‌ನ ತುದಿ ಉದ್ದ ಸುಲಿದರೆ ಬೈಗುಳ, ಗಿಡ್ಡ ಸುಲಿದರೆ ಇನ್ನೂ ದೊಡ್ಡ ಬೈಗುಳ. ಸರಿಯಾಗಿ ಸುಲಿದರೆ ಏನೂ ಇಲ್ಲ. ಆ ಏನೂ ಇಲ್ಲದ್ದನ್ನೇ ನಾವು ಶಾಭಾಸ್‌ಗಿರಿ ಎಂದು ತಿಳಿದುಕೊಳ್ಳಬೇಕಿತ್ತು.

ಅವರಿಗೊಂದು ಪದ್ಧತಿ ಇತ್ತು. ಯಾವ ಮನೆಗೆ ಹೋದರೂ ಬಟನ್ ಮುಟ್ಟುವ ಮೊದಲು ಅದರ ಸುತ್ತಲಿನ ಗೋಡೆಯನ್ನು ನೋಡುತ್ತಿದ್ದರು. ಗೋಡೆಯ ಮೇಲೆ ದಿನವೂ ತಾಗಿದ ಕೈಗಳ ಕಲೆ ಇರುತ್ತದಲ್ಲ, ಅದನ್ನು. ಅರಿಷಿಣದ ಕಲೆಯಿದ್ದರೆ ಅಡಿಗೆ ಮಾಡುವಾಕೆ ಒತ್ತುವ ಬಟನ್. ಕಂದು ಬಣ್ಣವಿದ್ದರೆ ತಂಬಾಕಿನ ವಖಾರಿಯಲ್ಲಿ ದುಡಿದು ಬಂದವರದು. ಬಟನ್‌ನ ಕೆಳಗೆ ಗೀರು ಬಿದ್ದಿದ್ದರೆ, ಕೈ ನಿಲುಕದ ಮಕ್ಕಳು ಕಸಬರಿಗೆಯ ಹಿಡಿಯಿಂದ ಒತ್ತುತ್ತಾರೆ ಎಂದರ್ಥ.

“ಪೈಲೆ ಕೈ ನೋಡ್ಲೇ, ಆಮ್ಯಾಲ ಬಟನ್ ನೋಡು” ಎನ್ನುತ್ತಿದ್ದರು. “ಬಟನ್ ಅಂಗಡ್ಯಾಗ ಸಿಗತೈತಿ. ಕೈ ಎಲ್ಲಿಂದ ತರ್ತೀ?”

ಹೀಗೆ ಹೇಳುವ ಉಸ್ತಾದರೇ ಒಮ್ಮೆ ಕಬ್ಬೂರದಲ್ಲಿ ಎಡವಿದರು. ಅಲ್ಲಿನ ಒಂದು ರೈತರ ಮನೆಯಲ್ಲಿ ಕಟ್ಟಿಗೆಯ ಹಳೆ ಬೋರ್ಡ್ ಗೆದ್ದಲು ಹಿಡಿದಿತ್ತು. ಹೊಸ ಬೋರ್ಡ್ ಹಾಕುವಾಗ ಉಸ್ತಾದರು, ನೋಡಲು ಚಂದ ಕಾಣಲಿ ಎಂದು, ಫ್ಯಾನಿನ ಬಟನ್ನನ್ನು ಮೊದಲಿಗೆ ತಂದು ಲೈಟಿನದನ್ನು ಕೊನೆಗೆ ಹಾಕಿದರು. ಥಂಡಿ ದಿನಗಳು. ಆ ಮನೆಯ ಯಜಮಾನರು ಬೆಳಗಿನ ಜಾವ ಎದ್ದು ವಾಡಿಕೆಯಂತೆ ಮೊದಲ ಬಟನ್ ಒತ್ತುವುದು, ಮಲಗಿದ್ದವರೆಲ್ಲರ ಮೇಲೆ ಫ್ಯಾನು ಗರಗರ ತಿರುಗುವುದು. ನಾಲ್ಕು ದಿನ ತಾಳಿಕೊಂಡು, ಐದನೆಯ ದಿನ ಯಜಮಾನರು ಕಂಬಳಿ ಹೊದ್ದುಕೊಂಡೇ ನಿಪ್ಪಾಣಿಗೆ ಬಂದರು.

“ಉಸ್ತಾದ, ನಿಮ್ಮ ಬೋರ್ಡ ಭಾಳ ಚಂದ ಐತ್ರಿ. ಆದ್ರ ನಮ್ಮ ಮನಿ ಮಂದಿಗೆಲ್ಲಾ ನೆಗಡಿ ಬಂದೈತಿ” ಎಂದರು.

ಉಸ್ತಾದರು ಆ ದಿನವೇ ಹೋಗಿ ಬಟನ್‌ಗಳನ್ನು ಹಳೆಯ ಸಾಲಿಗೆ ತಂದರು. ಬರುವಾಗ ದಾರಿಯುದ್ದಕ್ಕೂ ನನ್ನನ್ನು ಬೈದರು. ತಪ್ಪು ಅವರದು, ಬೈಗುಳ ನನಗೆ. ಗುರುಶಿಷ್ಯ ಸಂಬಂಧ ಎಂದರೆ ಆಗ ಅದೇ ಆಗಿತ್ತು. ಅವರು ತೀರಿಹೋಗಿ ಬಹಳ ವರ್ಷಗಳಾದವು. ಇಂದಿಗೂ ಬೋರ್ಡ್ ಎದುರು ನಿಂತರೆ ಬೆನ್ನ ಹಿಂದೆ ಅವರಿದ್ದಾರೆ ಅನಿಸಿ ವೈರ್‌ನ ತುದಿಯನ್ನು ಇನ್ನೊಮ್ಮೆ ನೋಡುತ್ತೇನೆ.

ಕೆಲಸದ ರೀತಿ ನನ್ನ ಕಣ್ಣೆದುರೇ ಬದಲಾಯಿತು. ನಾನು ಬಂದಾಗ ಗುಂಡನೆಯ ಕಪ್ಪು ಬಟನ್, ಕೆಳಗೆ ಒಂದು ಕಟ್ಟಿಗೆಯ ಗುಂಡು ಬಿಲ್ಲೆ, ಗೋಡೆಯ ಮೇಲೆ ಕಟ್ಟಿಗೆಯ ಪಟ್ಟಿ, ಅದರ ಮೇಲೆ ವೈರ್. ಆ ಬಟನ್ ಹಾಕಿದರೆ ‘ಟಕ್’ ಎಂಬ ಸದ್ದು ಪಕ್ಕದ ಮನೆಗೆ ಕೇಳುತ್ತಿತ್ತು. ಆಮೇಲೆ ಬಿಳಿ ಬಟನ್ ಬಂತು, ವೈರ್ ಗೋಡೆಯೊಳಗಿನ ಪೈಪಿಗೆ ಹೋಯಿತು. ಈಗಿನವು ಗಾಜಿನಂತೆ ನುಣ್ಣಗೆ, ಬೆರಳು ತಾಗಿದರೆ ಸಾಕು. ಕೆಲವಕ್ಕೆ ಬೆರಳೂ ಬೇಡ, ಫೋನಿನಿಂದಲೇ ಹತ್ತುತ್ತವೆ. ಚೆನ್ನಾಗಿವೆ. ಹಳೆಯದೆಲ್ಲ ಚಿನ್ನ ಎನ್ನುವವರ ಪೈಕಿ ನಾನಲ್ಲ. ಹಳೆ ಬಟನ್ ಮಳೆಗಾಲದಲ್ಲಿ ಕೊಡುತ್ತಿದ್ದ ಝಟಕಾ ತಿಂದವನು ಹಾಗೆ ಹೇಳಲಾರ.

ಒಂದು ಮಾತ್ರ ಬದಲಾಗಿಲ್ಲ, ಬದಲಾಗಬಾರದು. ಬಟನ್ ಬಂದ್ ಇದೆ ಎಂದು ಯಾರೇ ಹೇಳಲಿ, ನಂಬಬೇಡಿ. ಅಥಣಿಯ ಹತ್ತಿರ ಒಬ್ಬ ದ್ರಾಕ್ಷಿ ತೋಟದವರ ಮನೆಯಲ್ಲಿ ಹೋಲ್ಡರ್ ಬದಲಿಸಲು ಏಣಿ ಹತ್ತಿದ್ದೆ. ಕೆಳಗೆ ನಿಂತ ಯಜಮಾನರು, “ಬಟನ್ ಬಂದ್ ಐತ್ರಿ, ಹಚ್ರಿ ಕೈ” ಎಂದು ಅವಸರ ಮಾಡಿದರು. ಟೆಸ್ಟರ್ ಇಟ್ಟೆ, ಕೆಂಪಗೆ ಹತ್ತಿತು. ಯಾರೋ ಪುಣ್ಯಾತ್ಮ ಬಟನ್‌ಗೆ ಕರೆಂಟು ಬರುವ ಫೇಸ್ ವೈರ್ ತರುವ ಬದಲು ವಾಪಸು ಹೋಗುವ ನ್ಯೂಟ್ರಲ್ ತಂದಿದ್ದ. ಬಟನ್ ಬಂದ್ ಮಾಡಿದರೆ ಬಲ್ಬ್ ಆರುತ್ತದೆ, ಆದರೆ ಹೋಲ್ಡರ್‌ನಲ್ಲಿ ಕರೆಂಟು ಹಾಗೇ ಕೂತಿರುತ್ತದೆ. “ಯಜಮಾನ್ರ, ನೀವ ಮ್ಯಾಲ ಬಂದು ಹಚ್ರಿ, ನಾ ಕೆಳಗ ನಿಂತು ನೋಡ್ತೀನಿ” ಎಂದೆ. ನಕ್ಕರು, ಓಡಿಹೋಗಿ ಮೇನ್ ಇಳಿಸಿದರು. ಮೊದಲು ಮೇನ್, ಆಮೇಲೆ ಟೆಸ್ಟರ್, ಆಮೇಲೆ ಕೈ. ಇದನ್ನು ಮರೆತವರಿಗೆ ನೆನಪಿಸಿಕೊಳ್ಳಲು ಎರಡನೆಯ ಅವಕಾಶ ಸಿಗುವ ಖಾತ್ರಿಯಿಲ್ಲ.

ಇನ್ನು ಸದಲಗಾ.

ಅದೊಂದು ಜೈನ ರೈತರ ಮನೆ. ಅಣ್ಣ ಭೂಪಾಲ, ತಮ್ಮ ಬಾಳಾಸಾಹೇಬ. ಬೋರಿನ ನೀರಿನ ಪಾಳಿಯ ಮೇಲೆ ಮಾತಿಗೆ ಮಾತು ಬೆಳೆದು ಮನೆ ಹಿಸ್ಸೆಯಾಗಿತ್ತು. ನಡುಮನೆಗೆ ಗೋಡೆ ಬಿದ್ದು, ಎರಡು ಅಡಿಗೆ ಮನೆ, ಎರಡು ಮೀಟರ್ ಆಗಿದ್ದವು. ಹಿಂದಿನ ಎಮ್ಮೆಯ ಕೊಟ್ಟಿಗೆ ಮಾತ್ರ ಒಂದೇ ಉಳಿದಿತ್ತು. ಎಡಕ್ಕೆ ಅಣ್ಣನ ಎಮ್ಮೆಗಳು, ಬಲಕ್ಕೆ ತಮ್ಮನವು, ನಡುವೆ ಒಂದು ಬಲ್ಬ್. ಆ ಬಲ್ಬಿನ ಬಟನ್ ಅಣ್ಣನ ಹೆಂಡತಿ ರತ್ನವ್ವನ ಅಡಿಗೆ ಮನೆಯ ಹಿಂಬಾಗಿಲ ಒಳಗಿತ್ತು.

ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು. ನೆಗೆಣ್ಣಿಯರಾದ ರತ್ನವ್ವ, ಸುನಂದಾ ಕೂಡ ಗಂಡಂದಿರ ಮರ್ಯಾದೆಗೆಂದು ಬಿಟ್ಟಿದ್ದರು. ರತ್ನವ್ವ ಬೆಳಕಿರುವಾಗಲೇ ತನ್ನ ಎಮ್ಮೆ ಹಿಂಡಿ ಮುಗಿಸುವವಳು, ಆದರೆ ಸಂಜೆ ಸುನಂದಾ ಎಮ್ಮೆ ಹಿಂಡಲು ಬಂದಾಗ ಕತ್ತಲಾಗಿರುತ್ತಿತ್ತು. ಹಿಸ್ಸೆಯಾದ ಮೊದಲ ವಾರದಲ್ಲೇ ಒಮ್ಮೆ ಅವಳ ಹಿತ್ತಾಳೆ ಚರಗಿ ಕಲ್ಲಿಗೆ ಬಡಿದು ಠಣ್ ಎಂದಿತಂತೆ. ಒಳಗಿನಿಂದ ರತ್ನವ್ವ ಬಟನ್ ಹಾಕಿದಳಂತೆ. ಅಂದಿನಿಂದ ಅದೇ ವಾಡಿಕೆಯಾಯಿತು. ಸುನಂದಾ ಬಂದು ಚರಗಿಯನ್ನು ಕಲ್ಲಿಗೆ ಒಮ್ಮೆ ಬಡಿದರೆ ಬೆಳಕು, ಹಿಂಡಿ ಮುಗಿಸಿ ಎರಡು ಸಲ ಬಡಿದರೆ ಕತ್ತಲು. ಸಂಜೆಯಿಡೀ ಹಚ್ಚಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬಲ್ಬಿಗೆ ಹುಳ ಬಂದು ಬಡಿದು ಸಾಯುತ್ತವೆ. ಜೀವಹಿಂಸೆ ಎಂದು ಆ ಮನೆಯವರು ಬೇಕಾದಷ್ಟು ಹೊತ್ತೇ ಹಚ್ಚುವವರು. ಹೀಗೆ ಮಾತಿಲ್ಲದ ಎರಡು ಮನೆಗಳ ನಡುವೆ ಒಂದು ಚರಗಿ, ಒಂದು ಬಟನ್ ಮಾತಾಡಿಕೊಂಡಿದ್ದವು. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಭೂಪಾಲರು ಫೋನ್ ಮಾಡಿ, ಅಡಿಗೆ ಮನೆಯ ಬಟನ್ ಹೋಗಿದೆ ಬನ್ನಿ ಎಂದಿದ್ದರು. ಹೋದಾಗ ಮಧ್ಯಾಹ್ನ ಇಳಿದಿತ್ತು. ಹೊತ್ತು ಮುಳುಗುವ ಮೊದಲು ಉಣ್ಣುವ ಮನೆ, ರತ್ನವ್ವ ಆಗಲೇ ಚಪಾತಿಗೆ ಹಿಟ್ಟು ಕಲೆಸುತ್ತಿದ್ದಳು. ಬಟನ್ ನೋಡಿದೆ. ಗುಂಡನೆಯ ಕಪ್ಪು ಹಳೆ ಬಟನ್, ಸುತ್ತ ಗೋಡೆಯ ಮೇಲೆ ಅರಿಷಿಣದ ಹಳೆ ಕಲೆ. ಅದು ಸರಿ. ಆದರೆ ಬಟನ್‌ನ ಮೈಮೇಲೆಲ್ಲ ಬಿಳಿ ಹಿಟ್ಟು, ಸುತ್ತಲಿನ ಸುಣ್ಣದ ಗೋಡೆಗೆ ಸಣ್ಣ ಸಣ್ಣ ಗುಳಿ, ಯಾರೋ ಬಡಿಗೆಯಿಂದ ಕುಟ್ಟಿದ ಹಾಗೆ.

“ಅಕ್ಕಾರ, ಇದನ್ನ ಯಾತರಲೆ ಹೊಡದೀರಿ?” ಎಂದು ಕೇಳಿದೆ.

ರತ್ನವ್ವ ನಾಚಿಕೊಂಡಳು. “ಕೈ ಹಚ್ಚಿದ್ರ ಚುರ್ ಅಂತೈತ್ರಿ ಮಿಸ್ತ್ರಿ. ಅದಕ್ಕ ಲಟ್ಟಣಗಿಲೆ ಒತ್ತತೀನಿ. ಒಮ್ಮೆ ಹತ್ತತೈತಿ, ಹತ್ತ ಸಲ ಹತ್ತವಲ್ದು. ಒತ್ತೀ ಒತ್ತೀ ಸಾಕಾಗೇತಿ ನೋಡ್ರಿ.”

ಮೇನ್ ಇಳಿಸಿ, ಬಟನ್ ಬಿಚ್ಚಿ, ಬಲ್ಬಿನ ಕಡೆಯ ವೈರ್ ನೋಡಲು ಕೊಟ್ಟಿಗೆಗೆ ಹೋದೆ. ಅಲ್ಲಿ ಗೋಡೆಗೆ ಹೊಸ ಪತ್ರಾದ, ಅಂದರೆ ತಗಡಿನ, ಹಾಳೆಗಳನ್ನು ಒರಗಿಸಿಟ್ಟಿದ್ದರು, ಪಕ್ಕದಲ್ಲಿ ಕಬ್ಬಿಣದ ಕಂಬಗಳು. ತಮ್ಮ ಬಾಳಾಸಾಹೇಬ ಅಳತೆ ಹಿಡಿಯುತ್ತಿದ್ದ.

“ಮಿಸ್ತ್ರಿ, ಚಲೋ ಆತು ಬಂದ್ರಿ” ಎಂದ. “ನನಗ ಈ ಕಡೆ ಬ್ಯಾರೆ ಬಲ್ಬ, ಬ್ಯಾರೆ ಬಟನ್ ಹಾಕಿಕೊಡ್ರಿ, ನನ್ನ ಮೀಟರಿಂದ. ನಾಳೆ ನಡುವ ಪತ್ರಾ ಹೊಡಸ್ತೀನಿ. ಒಂದs ದನದ ಗೋಠಾದಾಗ ಇನ್ನ ಇರೂದ ಆಗಂಗಿಲ್ಲ.”

“ಯಾಕ್ರಿ, ಎಮ್ಮಿ ಜಗಳಾಡ್ಯಾವೇನು?” ಎಂದೆ.

ಅವನು ನಗಲಿಲ್ಲ. ಉತ್ತರ ಕೊಟ್ಟವಳು ಹುಲ್ಲು ಹಾಕುತ್ತಿದ್ದ ಸುನಂದಾ. “ಎಮ್ಮಿ ಯಾಕ ಜಗಳಾಡ್ತಾವ್ರಿ ಅಣ್ಣಾರ? ಮನಶ್ಯಾರು ಅದಾರಲ್ಲ. ಒಂದ ತಿಂಗಳಾತು, ಚರಗಿ ಬಡದ ಬಡದ ನಗ್ಗಿ ಹೋಗೇತಿ. ಬೆಳಕs ಇಲ್ಲ. ಮನ್ನೆ ಕತ್ತಲ್ಯಾಗ ಎಮ್ಮಿ ಒದ್ದು ಹಾಲೆಲ್ಲಾ ಚೆಲ್ಲಿತು. ಒಳಗ ನಿಂತು ಕೇಳಕೋತನs ಸುಮ್ಮ ಇರ್ತಾರಲ್ಲ, ಅಷ್ಟ್ಯಾಕ ಸಿಟ್ಟು? ಮನಿ ಒಡದ್ರೂ ಅದೊಂದು ಉಳದಿತ್ತು. ಈಗ ಅದೂ ಬ್ಯಾಡಾತು.” ಸೆರಗಿನಿಂದ ಮುಖ ಒರೆಸಿಕೊಂಡು ಎಮ್ಮೆಯ ಕಡೆ ತಿರುಗಿದಳು.

ನನ್ನ ಕೈಯಲ್ಲಿ ಆ ಬಟನ್ ಇತ್ತು. ನನಗೆ ಒಮ್ಮೆಲೇ ಹೊಳೆಯಿತು. ಈಚೆ ಒಬ್ಬಳು ಚರಗಿ ಬಡಿಯುತ್ತಿದ್ದಳು, ಆಚೆ ಒಬ್ಬಳು ಲಟ್ಟಣಿಗೆಯಿಂದ ಕುಟ್ಟುತ್ತಿದ್ದಳು. ಬಟನ್ ಕೆಟ್ಟೈತಿ ಬೇ ಎಂದು ಒಂದು ಮಾತು ಕೂಗಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಮಾತು ಬಿಟ್ಟವರು ಕೂಗುವುದು ಹೇಗೆ? ಲೋಕದಲ್ಲಿ ಎಷ್ಟೋ ಮೂರ್ಖತನ ನೋಡಿದ್ದೇನೆ, ಇಷ್ಟು ಮುದ್ದಾದದ್ದನ್ನು ನೋಡಿರಲಿಲ್ಲ. ನನಗೆ ನಗುವೂ ಬಂತು, ಕಣ್ಣೂ ತುಂಬಿತು.

ಸ್ಕ್ರೂಡ್ರೈವರ್‌ನಿಂದ ಬಟನ್‌ನ ಬೆನ್ನು ಬಿಚ್ಚಿ ಸುನಂದಾಳ ಅಂಗೈಯಲ್ಲಿಟ್ಟೆ. “ನೋಡು ತಂಗಿ. ಒಳಗಿನ ಪಟ್ಟಿ ಸುಟ್ಟು ಕರ್ರಗಾಗೇತಿ. ಸ್ಪ್ರಿಂಗ್ ಸತ್ತೈತಿ. ಇದು ಹತ್ತೂದs ಇಲ್ಲ. ಮತ್ತ ಈ ಸಂದ್ಯಾಗ ನೋಡು.”

ಅವಳು ಉಗುರಿನಿಂದ ಕೆರೆದಳು. ಬಿಳಿ ಪುಡಿ ಬೆರಳಿಗೆ ಬಂತು.

“ಹಿಟ್ಟ ಐತಲ್ರಿ.”

“ಲಟ್ಟಣಗಿ ಹಿಟ್ಟು. ಕೈ ಹಚ್ಚಿದ್ರ ಕರೆಂಟ್ ಹೊಡಿತೈತಂತ ನಿಮ್ಮ ಅಕ್ಕ ಲಟ್ಟಣಗಿಲೆ ಒತ್ಯಾಳ. ಗೋಡಿ ತುಂಬ ಗುಳಿ ಬಿದ್ದಾವ. ನೀ ಎಷ್ಟ ಸಲ ಬಡದೀಯೋ ಅದಕ್ಕಿಂತ ಹೆಚ್ಚಿಗಿ ಆಕಿ ಬಡದಾಳ.”

ಸುನಂದಾ ಬೆರಳ ತುದಿಯ ಹಿಟ್ಟನ್ನೇ ನೋಡುತ್ತ ನಿಂತಳು. ಬಾಳಾಸಾಹೇಬ ಅಳತೆಯ ಟೇಪನ್ನು ಹಿಂದಕ್ಕೆ ಸುತ್ತಿದ.

ಈಗ ನನ್ನ ಮುಂದೆ ಎರಡು ದಾರಿ ಇದ್ದವು. ಅವನು ಹೇಳಿದಂತೆ ಬೇರೆ ಬಲ್ಬ್, ಬೇರೆ ಬಟನ್ ಹಾಕಿಕೊಡುವುದು. ಅದು ತಪ್ಪೇನಲ್ಲ. ಇನ್ನೊಂದು, ಹಳೆಯ ಜಾಗದಲ್ಲಿ ಹೊಸದನ್ನು ಕೂರಿಸಿ ಸುಮ್ಮನಾಗುವುದು. ಆದರೆ ಅದು ಮತ್ತೊಮ್ಮೆ ಕೆಟ್ಟರೆ? ಮೆಟ್ಟಿಲಿಗೆ ನಾವು ಕೊಡುವ ಕನೆಕ್ಷನ್ ನೆನಪಾಯಿತು. ಕೆಳಗೊಂದು ಬಟನ್, ಮೇಲೊಂದು ಬಟನ್, ನಡುವೆ ಒಂದೇ ಬಲ್ಬ್. ಕೆಳಗೆ ಹಚ್ಚಿ ಹತ್ತಿಹೋಗಿ ಮೇಲೆ ಆರಿಸಬಹುದು. ಟೂ-ವೇ ಎನ್ನುತ್ತೇವೆ. ಮೆಟ್ಟಿಲಿಗೆ ಆಗುವುದು ಎರಡು ಮನೆಗೆ ಯಾಕಾಗಬಾರದು?

“ಒಂದs ಬಲ್ಬ ಇರಲಿ” ಎಂದೆ. “ಎರಡೂ ಬಾಗಲಿಗೆ ಒಂದೊಂದ ಬಟನ್ ಹಾಕ್ತೀನಿ. ಯಾರು ಬೇಕಾದ್ರೂ ಹಚ್ರಿ, ಯಾರು ಬೇಕಾದ್ರೂ ಆರಸ್ರಿ.”

ಬಾಳಾಸಾಹೇಬ ಗಲ್ಲ ಕೆರೆದುಕೊಂಡ. “ಕರೆಂಟ ಯಾರ ಮೀಟರಿಂದರಿ?”

ಅಷ್ಟು ಹೊತ್ತು ಹಿಂಬಾಗಿಲಲ್ಲಿ ನಿಂತಿದ್ದ ಅಣ್ಣ ಭೂಪಾಲ, ತಮ್ಮನ ಕಡೆ ನೋಡದೆ ನನಗೆ ಹೇಳಿದರು: “ಒಂಬತ್ತ ವ್ಯಾಟಿನ ಬಲ್ಬಿಗೆ ತಮ್ಮನ ಕಡೆ ಬಿಲ್ ಕೇಳಾವ ನಾ ಅಲ್ಲಂತ ಹೇಳ್ರಿ ಮಿಸ್ತ್ರಿ.”

ತಮ್ಮ ಮೂರು ಹೆಜ್ಜೆ ದೂರದಲ್ಲೇ ನಿಂತಿದ್ದ. ನಾನು ತಿರುಗಿ, “ಕೇಳಸ್ತಲ್ಲ?” ಎಂದೆ. ಅವನು ತಲೆಯಾಡಿಸಿದ.

ಇಲ್ಲಿ ಕೆಲಸ ಕಲಿಯುವವರಿಗೊಂದು ಮಾತು. ಎರಡು ಮೀಟರಿನ ವೈರುಗಳನ್ನು ಒಂದೇ ಬೋರ್ಡಿನಲ್ಲಿ ಬೆರೆಸಬೇಡಿ. ಒಂದು ಮನೆಯ ಮೇನ್ ಇಳಿಸಿ ನಿಶ್ಚಿಂತೆಯಿಂದ ಕೈ ಹಾಕಿದವನನ್ನು ಇನ್ನೊಂದು ಮನೆಯ ಕರೆಂಟು ಹಿಡಿಯುತ್ತದೆ. ನಾನು ಸುನಂದಾಳ ಹಿಂಬಾಗಿಲಲ್ಲಿ ಅವಳ ಬೋರ್ಡಿನಿಂದ ದೂರಕ್ಕೆ ಬೇರೆಯೇ ಪೆಟ್ಟಿಗೆ ಕೂರಿಸಿ, ಮೇಲೆ ಕೆಂಪು ಬಣ್ಣ ಬಳಿದು, ಇದನ್ನು ಬಿಚ್ಚುವುದಾದರೆ ಅಣ್ಣನ ಮನೆಯ ಮೇನ್ ಇಳಿಸಬೇಕು ಎಂದು ಎರಡೂ ಮನೆಯವರನ್ನು ಒಟ್ಟಿಗೆ ನಿಲ್ಲಿಸಿ ಹೇಳಿದೆ. ಒಟ್ಟಿಗೆ ನಿಲ್ಲಿಸಲು ಅದೊಂದು ನೆಪವೂ ಆಯಿತು.

ಮೇನ್ ಏರಿಸಿ, ಹಚ್ಚಿ ನೋಡಿ ಎಂದೆ. ರತ್ನವ್ವ, ಸುನಂದಾ ತಂತಮ್ಮ ಬಾಗಿಲಲ್ಲಿ ಕಾದಿದ್ದರು, ಒಮ್ಮೆಲೇ ಒತ್ತಿದರು. ಒಬ್ಬಳು ಹಚ್ಚಿದ್ದನ್ನು ಇನ್ನೊಬ್ಬಳು ಆರಿಸಿದಂತಾಗಿ ಬಲ್ಬ್ ಮಿಣುಕೆಂದು ಆರಿಹೋಯಿತು. ಮತ್ತೆ ಇಬ್ಬರೂ ಒಮ್ಮೆಲೇ ಒತ್ತಿದರು, ಮತ್ತೆ ಅದೇ ಆಯಿತು. ಸುನಂದಾಳಿಗೆ ನಗು ತಡೆಯಲಾಗಲಿಲ್ಲ.

ನಗುತ್ತಲೇ ಎಮ್ಮೆಯ ಕಡೆ ನೋಡಿ ಹೇಳಿದಳು: “ಲಟ್ಟಣಗಿ ಮುರಿಯೂತನಾ ಬಡಿಯೂಕಿಂತ, ಬಟನ್ ಕೆಟ್ಟೈತಿ ಅಂತ ಒಂದ ಮಾತ ಹೇಳಬಾರದೇನ ಬೇ ಎಮ್ಮಿ?”

ರತ್ನವ್ವ ಆಚೆಯಿಂದ, “ಮಿಸ್ತ್ರಿ, ಕೇಳಿದ್ರ ಹೇಳತಿದ್ದೆ ಅಂತ ಹೇಳ್ರಿ ಆಕೀಗೆ” ಎಂದಳು.

“ನನ್ನ ಪಗಾರ ಬಟನ್ ಹಾಕಾಕ ಅಷ್ಟs ಐತಿ” ಎಂದೆ. “ಸುದ್ದಿ ಒಯ್ಯಾಕ ಬ್ಯಾರೆ ಆಳ ಇಟಗೋರಿ.” ಸಾಮಾನಿನ ಚೀಲ ಕಟ್ಟಿಕೊಂಡು ಹೊರಟುಬಿಟ್ಟೆ. ಇಂಥ ಹೊತ್ತಿನಲ್ಲಿ ನಡುವಿನವನು ಹೆಚ್ಚು ಹೊತ್ತು ನಿಲ್ಲಬಾರದು.

ಮುಂದೆ ಏನಾಯಿತೋ ನನಗೆ ವರ್ಷಗಟ್ಟಲೆ ಗೊತ್ತಾಗಲಿಲ್ಲ. ಕೆಲಸ ಬಿಟ್ಟು ಮನೆಯಲ್ಲಿದ್ದಾಗ, ಹೋದ ವರ್ಷ, ರತ್ನವ್ವನದೇ ಫೋನ್ ಬಂತು. ಬಟನ್ ಸಡಿಲಾಗಿದೆ, ನೀವೇ ಬರಬೇಕು ಎಂದಳು. ಮೊಣಕಾಲು ನೋವು ಎಂದರೆ ಕೇಳಲಿಲ್ಲ. “ಏಣಿ ಹತ್ತೂದ ಇಲ್ರಿ, ನಿಂತಲ್ಲೇ ಮಾಡೂದೈತಿ” ಎಂದಳು. ಹೋದೆ.

ಕೊಟ್ಟಿಗೆಯ ನಡುವೆ ಗೋಡೆ ಇರಲಿಲ್ಲ. ಆ ಪತ್ರಾದ ಹಾಳೆಗಳು ಹಿತ್ತಲಿನ ಜೋಳದ ಕಣಿಕೆಯ ಬಣವೆಯ ಮೇಲೆ ಮಳೆಗೆ ಅಡ್ಡವಾಗಿ ಕೂತು ಆಗಲೇ ತುಕ್ಕು ಹಿಡಿದಿದ್ದವು. ಅಣ್ಣತಮ್ಮಂದಿರು ಕಬ್ಬಿನ ಗದ್ದೆಗೆ ಹೋಗಿದ್ದರು. ಬೋರಿನ ಪಾಳಿಗೆ ಇಂದಿಗೂ ಜಗಳವಾಡುತ್ತಾರಂತೆ, ಆದರೆ ಎದುರೆದುರು ನಿಂತು ಬಾಯಿಬಿಟ್ಟು ಆಡುತ್ತಾರಂತೆ. ರತ್ನವ್ವನ ಬಟನ್ ನೋಡಿದೆ. ಬಿಳಿಯದು ಹಳದಿಯಾಗಿ, ಅಂಚು ಸವೆದು, ಗುಂಡಿ ಸೋತು ಅತ್ತಿತ್ತ ಅಲುಗುತ್ತಿತ್ತು. ಸುತ್ತಲೂ ಅರಿಷಿಣದ ಕಲೆ. ಮೇನ್ ಇಳಿಸಿ ಬದಲಿಸಿ, ಹತ್ತುತ್ತದೋ ನೋಡಲು ಮತ್ತೆ ಏರಿಸಿದೆ.

ಇದೇ ಇಷ್ಟು ಸವೆದಿದ್ದರೆ ಸುನಂದಾಳದು ಇನ್ನೂ ಸವೆದಿರಬೇಕು, ದಿನವೂ ಕತ್ತಲಲ್ಲಿ ಹಿಂಡುವವಳು ಅವಳೇ ಅಲ್ಲವೇ ಎಂದುಕೊಂಡು ಇನ್ನೊಂದು ಹೊಸ ಬಟನ್ ಹಿಡಿದು ಅವಳ ಬಾಗಿಲಿಗೆ ಹೋದೆ. ಕೆಂಪು ಪೆಟ್ಟಿಗೆಯ ಮೇಲಿನ ಬಟನ್ ಅಂಗಡಿಯಿಂದ ತಂದ ದಿನ ಇದ್ದ ಹಾಗೇ ಇತ್ತು. ಮೇಲೆ ಅಂಟಿಸಿ ಬಂದಿದ್ದ ತೆಳು ಪ್ಲಾಸ್ಟಿಕ್ ಹಾಳೆಯನ್ನೂ ಯಾರೂ ಕಿತ್ತಿರಲಿಲ್ಲ. ಸುತ್ತಲಿನ ಗೋಡೆಯ ಮೇಲೆ ಒಂದು ಕಲೆಯೂ ಇರಲಿಲ್ಲ.

“ತಂಗಿ, ಇದನ್ನ ನೀ ಒತ್ತs ಇಲ್ಲಲಾ?” ಎಂದೆ.

“ಒತ್ತೀನ್ರಿ ಅಣ್ಣಾರ, ಅಕ್ಕ ಊರಿಗೆ ಹೋದಾಗ ಒಂದೆರಡ ಸಲ.”

“ಮತ್ತ ದಿನಾ?”

ಹೊತ್ತು ಮುಳುಗಿತ್ತು. ಎಮ್ಮೆಗಳು ಹಿಂಡುವ ಹೊತ್ತಾಯಿತೆಂದು ಕಾಲು ಬದಲಿಸುತ್ತಿದ್ದವು. ಸುನಂದಾ ನನ್ನನ್ನು ನೋಡಿ ನಕ್ಕು, ನಗ್ಗಿಹೋದ ಆ ಹಿತ್ತಾಳೆ ಚರಗಿಯನ್ನು ಎತ್ತಿಕೊಂಡು ಕಲ್ಲಿಗೆ ಒಮ್ಮೆ ಬಡಿದಳು. ಬೆಳಕು ಬಂತು.

“ಹತ್ತಿತೇನ ಬೇ ಸುನಂದಾ?” ಒಳಗಿನಿಂದ ದನಿ ಬಂತು.

“ಹತ್ತೇತಿ ಅಕ್ಕಾ” ಎಂದು ಅವಳು ಎಮ್ಮೆಯ ಪಕ್ಕ ಕೂತಳು.

ನಾನು ಹೊಸ ಬಟನ್ನನ್ನು ಚೀಲಕ್ಕೆ ವಾಪಸು ಹಾಕಿಕೊಂಡೆ.